ಕಚೇರಿಯ ದೇಣಿಗೆ ಮತ್ತು ಶ್ರಮದಾನ ಸ್ಥಳೀಯ ಸಂಸ್ಥೆಗಳಿಗೆ ನಿಜವಾಗಿ ಒದಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನಮ್ಮ ಕಚೇರಿಯಲ್ಲಿ ಸುಮಾರು ಇನ್ನೂರು ಮಂದಿ ಇದ್ದೇವೆ. ಊರಿನ ಮೂರು ಸೇವಾಸಂಸ್ಥೆಗಳಿಗೆ ನೆರವಾಗಲೆಂದು ಮಾಡಿಕೊಂಡಿರುವ ಸಮಿತಿಯ ಹೊಣೆ ನನ್ನದು. ವರ್ಷಕ್ಕೊಮ್ಮೆ ದೇಣಿಗೆ ಕೂಡಿಸುತ್ತೇವೆ, ಒಂದು ಶನಿವಾರ ಎಲ್ಲರೂ ಹೋಗಿ ಶ್ರಮದಾನ ಮಾಡುತ್ತೇವೆ. ಈ ಸಲ ಹಿರಿಯರ ಹಗಲು ಆರೈಕೆ ಕೇಂದ್ರವೊಂದರಲ್ಲಿ ನಾವು ಬಣ್ಣ ಬಳಿದ ಗೋಡೆಗೆ ಎರಡೇ ತಿಂಗಳ ಹಿಂದೆ ಇನ್ನೊಂದು ತಂಡದವರು ಬಣ್ಣ ಬಳಿದು ಹೋಗಿದ್ದರೆಂದು ಆಮೇಲೆ ತಿಳಿಯಿತು. ಅಲ್ಲಿನ ಮೇಲ್ವಿಚಾರಕಿ ಬೇಸರವಿಲ್ಲದೆ ಹೇಳಿದ ಮಾತದು, ಆದರೂ ಅಂದಿನಿಂದ ನನಗೆ ಸಮಾಧಾನವಿಲ್ಲ. ಪ್ರತಿ ತಿಂಗಳ ಸಂಬಳದಿಂದ ಸಣ್ಣ ಮೊತ್ತ ಕಡಿತವಾಗುವ ವ್ಯವಸ್ಥೆ ತರುವುದು ಒಳ್ಳೆಯದೇ? ಶ್ರಮದಾನವನ್ನು ಹೇಗೆ ಬದಲಿಸಬೇಕು?

ಉತ್ತರ 1
ಇಂಥದೇ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ನಲವತ್ತು ಜನ ಒಂದೇ ಬೆಳಗ್ಗೆ ಬರುತ್ತಾರೆಂದರೆ ಬ್ರಷ್ಷು, ಬಕೆಟ್ಟು, ಏಣಿ ಹೊಂದಿಸುವುದಕ್ಕೂ ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದಕ್ಕೂ ನಮ್ಮ ಮೂವರು ಸಿಬ್ಬಂದಿಯ ಎರಡು ದಿನ ಹೋಗುತ್ತದೆ, ಆ ಎರಡು ದಿನ ಅವರ ನಿತ್ಯದ ಕೆಲಸ ನಿಲ್ಲುತ್ತದೆ. ಹಣದ ವಿಷಯವೂ ಹೀಗೆಯೇ. ಕೊಡುವವರು ಕಣ್ಣಿಗೆ ಕಾಣುವ ವಸ್ತುವಿಗೆಂದು ಹೆಸರಿಸಿ ಕೊಡುತ್ತಾರೆ. ಹಾಗೆ ಬಂದ ಹಣದಿಂದ ವಿದ್ಯುತ್ ಬಿಲ್ಲನ್ನಾಗಲಿ, ವಾಹನ ಚಾಲಕರ ಸಂಬಳವನ್ನಾಗಲಿ ಕೊಡುವಂತಿಲ್ಲ. ತಿಂಗಳು ತಿಂಗಳು ತಪ್ಪದೆ ಬರುವ, ಯಾವ ಖರ್ಚಿಗೂ ಬಳಸಬಹುದಾದ ಮೊತ್ತ ಎಷ್ಟೇ ಸಣ್ಣದಾದರೂ, ಮುಂದಿನ ಆರು ತಿಂಗಳಿಗೆ ಒಬ್ಬ ಆಯಾ ಇರುತ್ತಾರೆಂದು ಮನೆಯವರಿಗೆ ಭರವಸೆ ಕೊಡುವ ಧೈರ್ಯ ಅದರಿಂದ ನಮಗೆ ಬರುತ್ತದೆ. ಒಂದು ಕಂಪನಿಯ ಉದ್ಯೋಗಿಯೊಬ್ಬರು ಪ್ರತಿ ಬುಧವಾರ ಸಂಜೆ ಬಂದು, ಒಂದೂವರೆ ಗಂಟೆ ಕುಳಿತು, ರಸೀದಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತಾರೆ. ಒಬ್ಬರೇ ದಾನಿಯ ಹೆಸರು ಮೂರು ಬಗೆಯಾಗಿ ದಾಖಲಾಗಿ, ಒಂದೇ ಕೃತಜ್ಞತಾ ಪತ್ರ ಮೂರು ಬಾರಿ ಹೋಗುತ್ತಿದ್ದುದು ನಿಂತದ್ದು ಅವರಿಂದಲೇ.

ಉತ್ತರ 2
ಸಂಬಳದ ಕಡಿತ ಒಳ್ಳೆಯ ದಾರಿಯೇ, ಆದರೆ ಒತ್ತಾಯದ ಸುಳಿವೂ ಇರಬಾರದು. ಹಲವು ಸಂಸ್ಥೆಗಳಿಗಾಗಿ ಒಟ್ಟಾಗಿ ದೇಣಿಗೆ ಕೇಳುವ ಪದ್ಧತಿ ಹಳೆಯದು: 1887ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಫ್ರಾನ್ಸಿಸ್ ಜೇಕಬ್ಸ್ ಎಂಬ ಮಹಿಳೆಯೂ ಬೇರೆ ಬೇರೆ ಧರ್ಮಗಳ ಗುರುಗಳೂ ಸೇರಿ ಆರಂಭಿಸಿದ ಪ್ರಯತ್ನವೇ ಮುಂದೆ, ಹಲವು ಸೇವಾಸಂಸ್ಥೆಗಳಿಗಾಗಿ ದೇಣಿಗೆ ಕೂಡಿಸುವ ಯುನೈಟೆಡ್ ವೇ ಎಂಬ ಸಂಸ್ಥೆಯಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಲೆಕ್ಕ ಹಾಕುವ ಮೊದಲೇ ಸಂಬಳದಿಂದ ದೇಣಿಗೆ ತೆಗೆಯುವ ಯೋಜನೆ 1987ರಿಂದ ಇದೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರ ದೇಣಿಗೆ ಅಭಿಯಾನದ ನಿಯಮಗಳು ತಮ್ಮ ಕೈಕೆಳಗಿನವರ ಬಳಿ ಮೇಲಧಿಕಾರಿಗಳು ದೇಣಿಗೆ ಕೇಳುವುದನ್ನೂ, ಶೇ. 100ರಷ್ಟು ಮಂದಿ ಭಾಗವಹಿಸಲೇಬೇಕೆಂಬ ಗುರಿ ಇಡುವುದನ್ನೂ ನಿಷೇಧಿಸಿವೆ. ಈ ಎರಡನ್ನು ನೀವೂ ಬರೆದಿಟ್ಟುಕೊಳ್ಳಿ. ಯಾರು ಎಷ್ಟು ಕೊಟ್ಟರೆಂಬುದು ಸಂಬಳ ಲೆಕ್ಕ ಮಾಡುವವರಿಗಲ್ಲದೆ ಬೇರೆಯವರಿಗೆ ತಿಳಿಯಬಾರದು. ಬೇಡವೆಂದವರಿಂದ ಕಾರಣ ಕೇಳಲೂಬಾರದು.

ಉತ್ತರ 3
ನೌಕರರು ಕೊಟ್ಟಷ್ಟೇ ಮೊತ್ತವನ್ನು ತಾವೂ ಸೇರಿಸುವಂತೆ ಆಡಳಿತ ಮಂಡಳಿಯನ್ನು ಕೇಳಿ. ಅಮೆರಿಕದಲ್ಲಿ ಐವತ್ತು ಸಾವಿರ ಹಳೆಯ ದಾನಿಗಳ ಮೇಲೆ ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಥ ಕೊಡುಗೆಯ ಮಾತು ತಿಳಿಸಿದಾಗ ದೇಣಿಗೆ ಹೆಚ್ಚಿತು, ಆದರೆ ಒಂದಕ್ಕೆ ಮೂರು ಪಟ್ಟು ಸೇರಿಸುತ್ತೇವೆಂದರೂ ಒಂದಕ್ಕೊಂದು ಎಂದುದಕ್ಕಿಂತ ಹೆಚ್ಚೇನೂ ಬರಲಿಲ್ಲ. ಶನಿವಾರದ ಶ್ರಮದಾನವನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ. ಮೊದಲನೆಯ ಉತ್ತರದಲ್ಲಿ ಹೇಳಿದ ತೊಂದರೆ ನಿಜವಾದರೂ, ವಾರ ವಾರ ಬರುವ ಸ್ವಯಂಸೇವಕರಲ್ಲಿ ಅನೇಕರು ಆ ಬಾಗಿಲನ್ನು ಮೊದಲು ಕಂಡದ್ದು ಇಂಥ ಶನಿವಾರಗಳಲ್ಲೇ, ನಾನೂ ಅವರಲ್ಲೊಬ್ಬ. ಕೆಲಸ ಯಾವುದೆಂಬುದನ್ನು ಸಂಸ್ಥೆಯವರೇ ಹೇಳಲಿ, ಸಾಮಾನು ನಿಮ್ಮದಾಗಿರಲಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಗ್ಗೆ ಆ ಮೇಲ್ವಿಚಾರಕಿಯವರಿಗೆ ಫೋನ್ ಮಾಡಿ, ನಿಮಗೆ ಬೇಕಾಗಿರುವುದೇನೆಂದು ಮೊದಲ ಬಾರಿಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಂಗಳವಾರ ಮಧ್ಯಾಹ್ನ ಆಯಾ ಊಟಕ್ಕೆ ಹೋದಾಗ ಹಿರಿಯರ ಜೊತೆ ಕೂರಲು ಒಬ್ಬರು ಸಿಕ್ಕರೆ ಸಾಕು ಎಂದರು. ಈ ಮಂಗಳವಾರ ನಾನೇ ಹೋಗುತ್ತಿದ್ದೇನೆ. ಸಂಬಳ ಕಡಿತದ ಒಪ್ಪಿಗೆ ಪತ್ರದ ಕರಡನ್ನು ಸಮಿತಿಯ ಮುಂದಿಟ್ಟ ಮೇಲೆ ಇಲ್ಲಿಯೂ ಹಾಕುತ್ತೇನೆ.