ಹಳೇ ತಾಲ್ಲೂಕು ಆಸ್ಪತ್ರೆ: ಯಾವುದನ್ನು ಕೆಡವೋದು, ಯಾವುದನ್ನು ಉಳಿಸೋದು?

ನಾಲೆಬದಿ_ಮಂಡ್ಯ ಕೇಳಿದ್ದು:

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ವಿಚಾರ. ಆವರಣದಲ್ಲಿ ಎರಡು ಕಟ್ಟಡ ಇವೆ. ಮುಂದಿನದು ಸ್ವಾತಂತ್ರ್ಯಕ್ಕೂ ಮುಂಚಿನದು: ಒಂದೇ ಅಂತಸ್ತು, ಸೈಜುಗಲ್ಲಿನ 18 ಇಂಚು ಗೋಡೆ, ಸುಣ್ಣದ ಗಾರೆ, ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣ). ಹಿಂದಿನದು 1980ರ ದಶಕದ ಆರ್‌ಸಿಸಿ ಕಟ್ಟಡ, ಕೆಳಗೊಂದು ಮೇಲೆರಡು ಅಂತಸ್ತು. ಕೆಳಗಡೆ ಅರ್ಧ ಭಾಗ ಗೋಡೆಯಿಲ್ಲದೆ ಆಂಬುಲೆನ್ಸ್ ನಿಲ್ಲಿಸೋಕೆ ಬಿಟ್ಟಿದ್ದಾರೆ. ಹೆರಿಗೆ ವಾರ್ಡು, ಓಟಿ (ಆಪರೇಷನ್ ಥಿಯೇಟರ್) ಎರಡೂ ಇದರಲ್ಲೇ.

ಆರೋಗ್ಯ ರಕ್ಷಾ ಸಮಿತಿಯಲ್ಲಿ ಬಂದಿರೋ ಪ್ರಸ್ತಾವ: ಕಲ್ಲಿನ ಕಟ್ಟಡ ಕೆಡವಿ ಅಲ್ಲಿ 100 ಹಾಸಿಗೆಯ ಹೊಸದು ಕಟ್ಟೋದು, ಹಿಂದಿನದಕ್ಕೆ ಪ್ಲಾಸ್ಟರಿಂಗ್, ಬಣ್ಣ ಮಾಡಿಸಿ ಉಳಿಸಿಕೊಳ್ಳೋದು. ಭೂಕಂಪದ ಮಾತು ಎತ್ತಿದರೆ ‘ನಮ್ಮದು ಝೋನ್ 2, ಅದೆಲ್ಲ ಗುಜರಾತಿನವರಿಗೆ’ ಅಂತಾರೆ. ಈ ಲೆಕ್ಕ ಸರಿಯಾ? ಟೆಂಡರಿನಲ್ಲಿ ಏನು ಬರೆಸಬೇಕು? ಆಸ್ಪತ್ರೆಯ ಆವರಣದಲ್ಲಿ ಪಕ್ಕಕ್ಕೆ ಖಾಲಿ ಜಾಗ ಇದೆ.

ಕಂಬಿ_ಲೆಕ್ಕ:

ಪ್ರಸ್ತಾವ ತಲೆಕೆಳಗಾಗಿದೆ ಸರ್. ನೀವು ಬರೆದಿರೋದನ್ನು ನೋಡಿದರೆ ಮೊದಲು ಅನುಮಾನ ಪಡಬೇಕಾದ್ದು ಹಿಂದಿನ ಆರ್‌ಸಿಸಿ ಕಟ್ಟಡವನ್ನು.

ಮೊದಲು ಝೋನ್ ವಿಚಾರ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಅದುರಿದಾಗ ಅದು ಭೂಕಂಪದ ನಕ್ಷೆಯಲ್ಲಿ ಝೋನ್ 1, ಅಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಝೋನ್ 1 ಅನ್ನೋದನ್ನೇ ತೆಗೆದು 2ಕ್ಕೆ ಸೇರಿಸಿದರು. ಝೋನ್ 2 ಅಂದರೆ ಲೆಕ್ಕ ಹಗುರ, ಮಾಫಿ ಅಲ್ಲ.

ಭೂಕಂಪ ತಾಳೋ ವಿನ್ಯಾಸದ ಭಾರತೀಯ ಮಾನಕ ಐಎಸ್ 1893 (ಭಾಗ 1), 2016ರ ಪ್ರಕಾರ ಲೆಕ್ಕ ಹೀಗೆ ಬರುತ್ತೆ. ಝೋನ್ 2ರ ಅಂಕ 0.10, ಅದರ ಅರ್ಧ 0.05. ಗಿಡ್ಡ ಕಟ್ಟಡಕ್ಕೆ ಅದನ್ನು 2.5ರಿಂದ ಗುಣಿಸಿ. ಆಸ್ಪತ್ರೆಗೆ ಪ್ರಾಮುಖ್ಯದ ಅಂಕ 1.5, ಸಾಮಾನ್ಯ ಮನೆಗೆ 1. ಬಂದದ್ದನ್ನು ‘ಆರ್’ ಅನ್ನೋ ಅಂಕದಿಂದ ಭಾಗಿಸಬೇಕು. ಕಟ್ಟಡ ಮುರಿಯದೆ ಎಷ್ಟು ಬಾಗಿ ತಾಳುತ್ತೆ ಅನ್ನೋದರ ಅಳತೆ ಅದು. ಸುತ್ತ ಬಿಗಿಯೋ ಕಾಂಕ್ರೀಟ್ ಬೆಲ್ಟ್ ಇಲ್ಲದ ಕಲ್ಲು, ಇಟ್ಟಿಗೆ ಗೋಡೆಗೆ ಆರ್ 1.5, ಮಾಮೂಲಿ ಆರ್‌ಸಿಸಿ ಫ್ರೇಮಿಗೆ 3, ಐಎಸ್ 13920 (ಭೂಕಂಪದಲ್ಲಿ ಬಾಗಿ ತಾಳೋ ಹಾಗೆ ಕಂಬಿ ಕಟ್ಟೋ ಮಾನಕ) ಪ್ರಕಾರ ಕಂಬಿ ಕಟ್ಟಿದ ಫ್ರೇಮಿಗೆ 5. ಹಾಗಾಗಿ ಅಡ್ಡಬಲ ಕಟ್ಟಡದ ತೂಕದ ಶೇ 12.5, ಶೇ 6.25, ಶೇ 3.75 ಅಂತ ಬರುತ್ತೆ. 2000 ಟನ್ನಿನ ಮಾಮೂಲಿ ಆರ್‌ಸಿಸಿ ಕಟ್ಟಡವನ್ನು 125 ಟನ್ ಪಕ್ಕದಿಂದ ತಳ್ಳಿದ ಹಾಗೆ.

ಕಲ್ಲಿಗೆ ಶೇಕಡಾವಾರು ಜಾಸ್ತಿ ಬಂತಲ್ಲ ಅನ್ನಬಹುದು. ಆದರೆ ಒಂದೇ ಅಂತಸ್ತು, ಎರಡೂ ದಿಕ್ಕಿಗೆ ದಪ್ಪ ಗೋಡೆ ಧಾರಾಳ. ಆ ಬಲ ಹಂಚಿಹೋಗುತ್ತೆ. ಹಿಂದಿನ ಕಟ್ಟಡದಲ್ಲಿ ಮೇಲಿನೆರಡು ಅಂತಸ್ತಿಗೆ ಗೋಡೆಯ ಬಿಗಿ ಇದೆ, ಕೆಳಗೆ ಬರೀ ಪಿಲ್ಲರ್. 2001ರ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಫ್ಲ್ಯಾಟುಗಳು ಕುಸಿದದ್ದು ಹೀಗೇ. ಐಎಸ್ 13920 ಮೊದಲು ಬಂದದ್ದೇ 1993ರಲ್ಲಿ, ಆದ್ದರಿಂದ ನಿಮ್ಮ ಕಟ್ಟಡದ ಪಿಲ್ಲರುಗಳಲ್ಲಿ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯೋ 6 ಎಂಎಂ ರಿಂಗು, ಎಂಟೊಂಬತ್ತು ಇಂಚಿಗೊಂದು, ತುದಿ ಬರೀ 90 ಡಿಗ್ರಿಗೆ ಮಡಚಿದ್ದು ಸಿಕ್ಕರೆ ಆಶ್ಚರ್ಯ ಇಲ್ಲ. ಕವರ್ (ಕಂಬಿ ಮುಚ್ಚಿರೋ ಕಾಂಕ್ರೀಟ್ ಪದರ) ಉದುರಿದ ಕ್ಷಣ ಆ ರಿಂಗು ಬಿಚ್ಚಿಕೊಳ್ಳುತ್ತೆ. ಕಾರಿಡಾರಿನಲ್ಲಿ ಪಿಲ್ಲರಿಗೆ ತಾಗಿ ಅರ್ಧ ಗೋಡೆ ಎಬ್ಬಿಸಿದ್ದರೆ ಅದನ್ನೂ ನೋಡಿ. ಗೋಡೆಗಿಂತ ಮೇಲೆ ಉಳಿದ ಗಿಡ್ಡ ತುಂಡಿನಲ್ಲೇ ಪಿಲ್ಲರ್ ಓರೆಯಾಗಿ ಸೀಳುತ್ತೆ.

ಊಹೆ ಸಾಕಾಗಲ್ಲ, ಹಳೇ ಆರ್‌ಸಿಸಿ ಕಟ್ಟಡಗಳಿಗೆ ಇರೋ ಐಎಸ್ 15988 ಪ್ರಕಾರ ತಪಾಸಣೆ ಮಾಡಿಸಿ. ಬರೀ ರಿಬೌಂಡ್ ಹ್ಯಾಮರ್ (ಮೇಲ್ಮೈ ಗಡಸುತನ ಅಳೆಯೋ ಸುತ್ತಿಗೆ) ವರದಿ ತಂದರೆ ಒಪ್ಪಬೇಡಿ: ಹಳೇ ಕಾಂಕ್ರೀಟಿನ ಮೇಲ್ಪದರ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಗಡಸಾಗಿರುತ್ತೆ, ಹ್ಯಾಮರ್ ಇಲ್ಲದ ಬಲ ತೋರಿಸುತ್ತೆ. ಕೋರ್ (ಒಳಗಿಂದ ಕೊರೆದ ಕಾಂಕ್ರೀಟ್ ತುಂಡು) ತೆಗೆಸಿ, ಒಂದು ಜಾಗಕ್ಕೆ ಮೂರಕ್ಕೆ ಕಡಿಮೆ ಬೇಡ. ಆಗಷ್ಟೇ ಒಡೆದ ಮುಖಕ್ಕೆ ಫಿನಾಲ್ಫ್‌ಥಲೀನ್ ಸಿಂಪಡಿಸಿದರೆ ಗುಲಾಬಿ ಬಂದ ಕಡೆ ಕಂಬಿಗೆ ರಕ್ಷಣೆ ಇದೆ, ಬಣ್ಣ ಬಾರದ ಪದರ ಕಂಬಿವರೆಗೂ ಇಳಿದಿದ್ದರೆ ತುಕ್ಕಿಗೆ ದಾರಿ ಆದ ಹಾಗೆ. ಕಾಂಕ್ರೀಟಿನಲ್ಲಿ ಅಲ್ಟ್ರಾಸಾನಿಕ್ ಅಲೆಯ ವೇಗ ಸೆಕೆಂಡಿಗೆ 3.5 ಕಿ.ಮೀ.ಗಿಂತ ಕೆಳಗಿದ್ದರೆ ಅನುಮಾನ. ಹಾಫ್‌ಸೆಲ್ (ಕಂಬಿಯ ತುಕ್ಕು ಪತ್ತೆಹಚ್ಚೋ ವಿದ್ಯುತ್ ಪರೀಕ್ಷೆ) ರೀಡಿಂಗ್ ಮೈನಸ್ 350 ಮಿಲಿವೋಲ್ಟ್ ದಾಟಿ ಇನ್ನೂ ಕೆಳಗೆ ಹೋದರೆ ತುಕ್ಕು ನಡೀತಿದೆ ಅಂತಲೇ ಹಿಡಿಯಿರಿ.

ಜಾಕೆಟಿಂಗ್ ಮಾಡಿ ಉಳಿಸಬಹುದಲ್ಲ ಅಂತ ಯಾರಾದರೂ ಕೇಳೇ ಕೇಳ್ತಾರೆ. ಸುತ್ತ 100 ಎಂಎಂ ಕಾಂಕ್ರೀಟು ಸೇರಿದರೆ ಪ್ರತಿ ಪಿಲ್ಲರ್ ಎರಡೂ ಕಡೆಯಿಂದ 200 ಎಂಎಂ ಉಬ್ಬುತ್ತೆ. ಪಾಯ ಅಗೆಯಬೇಕು, ಪ್ರತಿ ಅಂತಸ್ತಿನ ನೆಲ ಕೊರೆದು ಕಂಬಿ ಮೇಲಕ್ಕೆ ಒಯ್ಯಬೇಕು. ಓಟಿ, ಹೆರಿಗೆ ವಾರ್ಡು ಇಟ್ಟುಕೊಂಡು ಆಗೋ ಕೆಲಸ ಅಲ್ಲ. ಪಕ್ಕದ ಖಾಲಿ ಜಾಗದಲ್ಲಿ ಹೊಸದು ಕಟ್ಟಿ, ಸ್ಥಳಾಂತರ ಮುಗಿಸಿ, ಆಮೇಲೆ ಹಿಂದಿನದು ಕೆಡವಿ. ಬಣ್ಣ ಹೊಡೆದರೆ ಪಿಲ್ಲರ್ ಗಟ್ಟಿ ಆಗಲ್ಲ.

ಗಾರೆ_ಸುಣ್ಣ:

ಕಲ್ಲಿನ ಕಟ್ಟಡದ ಬಗ್ಗೆ. ಸೇರಿಸೋದೊಂದಿದೆ: ಕಿಲ್ಲಾರಿಯಲ್ಲಿ ಜನರ ಪ್ರಾಣ ತೆಗೆದದ್ದೂ ಕಲ್ಲಿನ ಗೋಡೆಗಳೇ. ಮಣ್ಣಿನ ಗಾರೆ, ಒಳಗೊಂದು ಹೊರಗೊಂದು ಕಲ್ಲಿನ ಪದರ, ನಡುವೆ ಚೂರು ತುಂಬಿದ್ದು, ಎರಡನ್ನೂ ಹಿಡಿಯೋ ಉದ್ದಗಲ್ಲು ಇಲ್ಲ. ಅದುರಿದಾಗ ಎರಡು ಪದರ ಬೇರೆಯಾಗಿ ಬಿದ್ದವು. ಸುಣ್ಣದ ಗಾರೆ ಅದಕ್ಕಿಂತ ಎಷ್ಟೋ ಮೇಲು, ಆದರೂ ಪರೀಕ್ಷಿಸಿ. ನಾಲ್ಕಾರು ಕಡೆ ಒಂದು ಮೀಟರ್ ಚೌಕ ಪ್ಲಾಸ್ಟರ್ ಕಿತ್ತು ನೋಡಿ. ಗೋಡೆಗೆ ತೂಗುಗುಂಡು ಬಿಟ್ಟಾಗ ಹೊಟ್ಟೆ ಬಂದಿದ್ದರೆ ಪದರ ಬಿಟ್ಟಿದೆ ಅಂತ ಅರ್ಥ.

ಎರಡು ಪದರ ಹಿಡಿದಿಡೋಕೆ ಐಎಸ್ 13935ರಲ್ಲಿ (ಕಲ್ಲು, ಇಟ್ಟಿಗೆ ಕಟ್ಟಡ ಬಲಪಡಿಸೋ ಮಾನಕ) ದಾರಿ ಇದೆ. ಸುಮಾರು 75 ಎಂಎಂ ತೂತು ಗೋಡೆಯ ಆಚೆಗೂ ತೆಗೆದು, ಎರಡೂ ತುದಿ ಕೊಕ್ಕೆ ಮಾಡಿದ 8 ಎಂಎಂ ಕಂಬಿ ಇಟ್ಟು ಕಾಂಕ್ರೀಟ್ ತುಂಬಬೇಕು. ಅಡ್ಡಕ್ಕೂ ಎತ್ತರಕ್ಕೂ ಸುಮಾರು ಒಂದು ಮೀಟರಿಗೊಂದು, ಸಾಲು ಬಿಟ್ಟು ಸಾಲು ಜರುಗಿಸಿ. ತೂತನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯಕೂಡದು. ಕಲ್ಲನ್ನು ಕಬ್ಬಿಣದ ಸಲಾಕೆಯಿಂದ ಮೆಲ್ಲಗೆ ಸಡಿಲಿಸಬೇಕು, ಇಲ್ಲದಿದ್ದರೆ ಪಕ್ಕದ ಗಾರೆಯೆಲ್ಲ ಉದುರುತ್ತೆ. ಲಿಂಟಲ್ ಮೇಲೆ ಗೋಡೆಯ ಎರಡೂ ಮುಖಕ್ಕೆ ವೆಲ್ಡ್‌ಮೆಶ್ ಬೆಲ್ಟ್, ಮೂಲೆಯಲ್ಲಿ ಕಡಿಯದೆ ಸುತ್ತಿಸಿ. ಸಿಮೆಂಟ್ ಬೆಲ್ಟಿಗಷ್ಟೇ ಸಾಕು, ಉಳಿದದ್ದಕ್ಕೆ ಸುಣ್ಣ. ಇಡೀ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು ಹಳೇ ಗಾರೆ ಪುಡಿಯಾಗುತ್ತೆ.

ತಾರಸಿ ಸೋರುತ್ತೆ ಅಂತ ವರ್ಷಾನುಗಟ್ಟಲೆ ಪದರದ ಮೇಲೆ ಪದರ ಹಾಕಿರ್ತಾರೆ. ಒಂದೊಂದು ಇಂಚು ಸಿಮೆಂಟ್ ಗಾರೆಗೆ ಚದರ ಮೀಟರಿಗೆ 55 ಕೆ.ಜಿ. ಹೊರೆ. ಅದನ್ನು ಕೆತ್ತಿ ತೆಗೆಸಿ. ಗೋಡೆಯೊಳಗೆ ಹೂತಿರೋ ಮರದ ತೊಲೆಗಳ ತುದಿಗೆ ಮೊಳೆ ಚುಚ್ಚಿ ನೋಡಿ, ಮೊದಲು ಕೊಳೆಯೋದು ಅಲ್ಲೇ. ಇಷ್ಟು ಮಾಡಿದರೆ ಹೊರರೋಗಿ ವಿಭಾಗ, ಔಷಧಿ ಕೌಂಟರಿಗೆ ಈ ಕಟ್ಟಡ ಧಾರಾಳ. ಐಸಿಯು, ಓಟಿ ಮಾತ್ರ ಬೇಡ.

ಬಯೋಮೆಡ್_ಮೈಸೂರು:

ಕಟ್ಟಡ ಬೀಳದೆ ಉಳಿದರೂ ಆಸ್ಪತ್ರೆಯ ಕೆಲಸ ನಿಂತುಹೋಗಬಹುದು. ಕ್ಯಾಲಿಫೋರ್ನಿಯಾದ ಆಲಿವ್ ವ್ಯೂ ಆಸ್ಪತ್ರೆ 1971ರ ಭೂಕಂಪದಲ್ಲಿ ಹಾಳಾಯ್ತು. ಅದಾದ ಮೇಲೆ 1973ರಲ್ಲಿ ಆಸ್ಪತ್ರೆಗಳಿಗೇ ಬೇರೆ ಕಾನೂನು ತಂದರು. ಹೊಸದಾಗಿ ಕಟ್ಟಿದ್ದು 1994ರ ಭೂಕಂಪದಲ್ಲಿ ಗಟ್ಟಿಯಾಗಿ ನಿಂತಿತು, ಆದರೆ ಒಳಗೆ ಪೈಪು ಒಡೆದು ನೀರು ನುಗ್ಗಿ ರೋಗಿಗಳನ್ನು ಖಾಲಿ ಮಾಡಿಸಬೇಕಾಯ್ತು.

ಹೀಗಾಗಿ ಟೆಂಡರಿನಲ್ಲಿ ಇವೂ ಇರಲಿ: ಆಕ್ಸಿಜನ್ ಸಿಲಿಂಡರಿಗೆ ಒಂದಲ್ಲ, ಎರಡು ಸರಪಳಿ, ಎತ್ತರದ ಮೂರನೇ ಒಂದು ಮತ್ತು ಮೂರನೇ ಎರಡು ಭಾಗದಲ್ಲಿ. ಜನರೇಟರಿನ ಕೆಳಗೆ ಸ್ಪ್ರಿಂಗ್ ಇದ್ದರೆ ಸಾಲದು, ಪಕ್ಕಕ್ಕೆ ಜಾರದ ಹಾಗೆ ತಡೆ ಬೇಕು. ಯುಪಿಎಸ್ ಬ್ಯಾಟರಿ ರ್‍ಯಾಕು ಗೋಡೆಗೂ ನೆಲಕ್ಕೂ ಬೋಲ್ಟ್ ಆಗಬೇಕು. 100 ಹಾಸಿಗೆವರೆಗೆ ಹಾಸಿಗೆಗೆ ದಿನಕ್ಕೆ 340 ಲೀಟರ್ ಲೆಕ್ಕ, ಅಂದರೆ 34 ಟನ್ ನೀರು. ಅಷ್ಟನ್ನೂ ತಾರಸಿ ಮೇಲೆ ಕೂರಿಸದೆ ಬಹುಪಾಲು ಸಂಪಿನಲ್ಲಿಡಿ.

ಸ್ಥಳಾಂತರದಲ್ಲಿ ತಡ ಆಗೋದು ಎಕ್ಸ್‌ರೇ. ಹೊಸ ಕೋಣೆಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಒಪ್ಪಿಗೆ, ಯಂತ್ರ ಕೂರಿಸಿದ ಮೇಲೆ ಗುಣಮಟ್ಟ ಪರೀಕ್ಷೆ, ಇವಾಗದೆ ಹಳೇದನ್ನು ಬಿಚ್ಚಬೇಡಿ. ಹೊಸ ಆಕ್ಸಿಜನ್ ಲೈನಿನ ಸೋರಿಕೆ ಪರೀಕ್ಷೆ ಮುಗಿಯೋವರೆಗೆ ಹಳೇ ಮ್ಯಾನಿಫೋಲ್ಡ್ (ಸಿಲಿಂಡರುಗಳನ್ನು ಲೈನಿಗೆ ಸೇರಿಸೋ ಜೋಡಣೆ) ಚಾಲೂ ಇರಲಿ.

ನಾಲೆಬದಿ_ಮಂಡ್ಯ:

ಎಲ್ಲರಿಗೂ ಧನ್ಯವಾದ. ಕಲ್ಲಿನ ಕಟ್ಟಡಕ್ಕೂ ಹೊಸದಕ್ಕೂ ನಡುವೆ ಕಾರಿಡಾರ್ ಬೇಕು. ಎಷ್ಟು ಗ್ಯಾಪ್ ಬಿಡಬೇಕು? ಮತ್ತೆ, ಝೋನ್ 2ಕ್ಕೆ 13920 ಕಡ್ಡಾಯ ಅಲ್ಲ ಅಂತಾರಲ್ಲ?

ಕಂಬಿ_ಲೆಕ್ಕ:

ಕಡ್ಡಾಯ ಅಲ್ಲ, ಐಚ್ಛಿಕ. ಅದಕ್ಕೇ ಟೆಂಡರಿನಲ್ಲಿ ಬರೆಸಬೇಕು. ಬರೆಯದಿದ್ದರೆ ಗುತ್ತಿಗೆದಾರ ಮಾಡಲ್ಲ, ಮಾಡು ಅನ್ನೋಕೆ ನಿಮಗೂ ಆಧಾರ ಇರಲ್ಲ. ‘ಪ್ರಾಮುಖ್ಯದ ಅಂಕ 1.5, ಐಎಸ್ 13920 ಪ್ರಕಾರ ಆರ್ 5’ ಅಂತ ಸ್ಪಷ್ಟ ಇರಲಿ. ಪಿಲ್ಲರ್ ಕನಿಷ್ಠ 300 ಎಂಎಂ. ಬೀಮ್ ಸೇರೋ ಜಾಗದ ಮೇಲೂ ಕೆಳಗೂ ರಿಂಗು 100 ಎಂಎಂಗಿಂತ ದೂರ ಇರಬಾರದು, ಕೊಕ್ಕೆ 135 ಡಿಗ್ರಿ, ತುದಿ 65 ಎಂಎಂ ಒಳಕ್ಕೆ. ಬೀಮೂ ಪಿಲ್ಲರೂ ಕೂಡೋ ಗಂಟಿನೊಳಗೆ ರಿಂಗು ಹಾಕೋದು ಕಷ್ಟ ಅಂತ ಬಿಟ್ಟುಬಿಡ್ತಾರೆ, ಕಾಂಕ್ರೀಟ್ ಸುರಿಯೋ ಮುಂಚೆ ಅಲ್ಲೇ ನಿಂತು ಎಣಿಸಿ.

ಗ್ಯಾಪು: ಎರಡೂ ಕಟ್ಟಡ ಆ ಎತ್ತರದಲ್ಲಿ ಎಷ್ಟು ವಾಲುತ್ತವೆ ಅಂತ ಲೆಕ್ಕದಲ್ಲಿ ಬರುತ್ತೋ ಅದನ್ನು ಅವುಗಳ ಆರ್‌ನಿಂದ ಗುಣಿಸಿ ಕೂಡಬೇಕು. ಹೊಸದು 8 ಎಂಎಂ ವಾಲಿದರೆ 40, ಕಲ್ಲಿನದು 2 ಎಂಎಂ ವಾಲಿದರೆ 3, ಒಟ್ಟು 43 ಎಂಎಂ. ವಾಡಿಕೆಯ ಒಂದು ಇಂಚು ಥರ್ಮಾಕೋಲ್ ಸಾಲದು. ನಾನಾದರೆ 75 ಎಂಎಂ ಬಿಡ್ತೀನಿ, ಥರ್ಮಾಕೋಲ್ ತೆಗೆಸಿ ಖಾಲಿ ಇಡ್ತೀನಿ, ಯಾಕೆಂದರೆ ಗಾರೆ, ಜಲ್ಲಿ ಬಿದ್ದು ತುಂಬಿಕೊಂಡ ಗ್ಯಾಪು ಇದ್ದೂ ಇಲ್ಲದ ಹಾಗೆ. ಕಾರಿಡಾರಿನ ಚಾವಣಿ ಒಂದೇ ಕಡೆಗೆ ಬಿಗಿಯಾಗಿರಲಿ, ಇನ್ನೊಂದು ಕಡೆ ಜಾರೋ ತಗಡು. ಗ್ಯಾಪು ದಾಟೋ ನೀರು, ಆಕ್ಸಿಜನ್ ಲೈನಿಗೆಲ್ಲ ಬಾಗೋ ಜೋಡಣೆ ಕೊಡಿಸಿ.