ಸರ್ವರ್ ಕೋಣೆಯ ವಿದ್ಯುತ್ ಖರ್ಚನ್ನು ಅಳೆಯುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ (ವಿಜಯಪುರ, ಸೌಹಾರ್ದ ಸಹಕಾರಿಯ ಐಟಿ ವಿಭಾಗ):
ನಮ್ಮ ಮುಖ್ಯ ಕಚೇರಿಯಲ್ಲಿ ಎರಡು ರ‍್ಯಾಕ್‌ಗಳ ಸರ್ವರ್ ಕೋಣೆಯಿದೆ. 10 ಕೆವಿಎ ಯುಪಿಎಸ್ ಮತ್ತು ಒಂದೂವರೆ ಟನ್ನಿನ ಎರಡು ಎಸಿಗಳಿದ್ದು, ಎಸಿಗಳೆರಡೂ ಹಗಲಿರುಳು 18 ಡಿಗ್ರಿಯಲ್ಲಿ ಓಡುತ್ತವೆ. ಇಡೀ ಕಟ್ಟಡಕ್ಕೆ ಹೆಸ್ಕಾಂ ಬಿಲ್ಲು ಒಂದೇ ಬರುವುದರಿಂದ, ಈ ಕೋಣೆಯ ಪಾಲೆಷ್ಟು ಎಂದು ಆಡಳಿತ ಮಂಡಳಿ ಕೇಳಿದರೆ ಉತ್ತರಿಸಲು ಆಗುತ್ತಿಲ್ಲ. ದುಬಾರಿ ತಂತ್ರಾಂಶ ಕೊಳ್ಳದೆ ಅಳೆಯಬಹುದೇ? ರಾತ್ರಿ ಒಂದು ಎಸಿ ಆರಿಸಬಹುದೇ?

ಉತ್ತರ (ಬೆಳಗಾವಿ, ಎಂಜಿನಿಯರಿಂಗ್ ಕಾಲೇಜಿನ ಸಿಸ್ಟಮ್ ಅಡ್ಮಿನ್):
ತಂತ್ರಾಂಶದ ಮಾತು ಸದ್ಯಕ್ಕೆ ಬಿಡಿ ಸರ್. ಮೊದಲು ಬೇಕಾದದ್ದು ಎರಡೇ ಅಂಕಿ: ಕೋಣೆ ಒಟ್ಟು ಎಷ್ಟು ವಿದ್ಯುತ್ ಎಳೆಯುತ್ತದೆ, ಅದರಲ್ಲಿ ಸರ್ವರ್, ಸ್ವಿಚ್, ಸ್ಟೋರೇಜ್‌ಗಳಿಗೆ ಎಷ್ಟು ತಲುಪುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಪಿಯುಇ (ಪವರ್ ಯೂಸೇಜ್ ಎಫೆಕ್ಟಿವ್‌ನೆಸ್, ಅಂದರೆ ವಿದ್ಯುತ್ ಬಳಕೆಯ ದಕ್ಷತೆಯ ಅಳತೆ). ಉದಾಹರಣೆಗೆ, ಸಾಧನಗಳಿಗೆ 3 ಕಿಲೋವ್ಯಾಟ್ ತಲುಪುತ್ತಿದ್ದು ಕೋಣೆ 6 ಕಿಲೋವ್ಯಾಟ್ ಎಳೆಯುತ್ತಿದ್ದರೆ ಪಿಯುಇ 2, ಅಂದರೆ ಅರ್ಧ ಬಿಲ್ಲು ಎಸಿಗೂ ಯುಪಿಎಸ್ ನಷ್ಟಕ್ಕೂ ಹೋಗುತ್ತಿದೆ. ಆದರೆ ಆಡಳಿತ ಮಂಡಳಿಯ ಮುಂದೆ ಪಿಯುಇ ಎನ್ನುವುದಕ್ಕಿಂತ, ವರ್ಷವಿಡೀ ಓಡುವ ಪ್ರತಿ ಕಿಲೋವ್ಯಾಟ್‌ಗೆ 8,760 ಯೂನಿಟ್ ಎಂದು ಹೇಳಿ, ಅದನ್ನು ನಿಮ್ಮ ದರದಿಂದ ಗುಣಿಸಿ ರೂಪಾಯಿಯಲ್ಲಿ ತೋರಿಸುವುದೇ ಲೇಸು.

ಬ್ರ್ಯಾಂಡೆಡ್ ಸರ್ವರ್‌ಗಳು ತಮ್ಮ ಬಳಕೆಯನ್ನು ತಾವೇ ಹೇಳುತ್ತವೆ. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಒ ಎಂಬ ನಿರ್ವಹಣಾ ಪುಟ ತೆರೆದರೆ ವ್ಯಾಟ್‌ಗಳು ಕಾಣುತ್ತವೆ. ಸ್ವಿಚ್ ಮತ್ತು ಸ್ಟೋರೇಜ್‌ಗಳ ಲೆಕ್ಕ ಅದರಲ್ಲಿ ಸೇರುವುದಿಲ್ಲವಾದ್ದರಿಂದ, ಯುಪಿಎಸ್‌ನ ಔಟ್‌ಪುಟ್ ಅಂಕಿಯೊಡನೆ ತಾಳೆ ನೋಡಬೇಕು.

ಎಸಿಯ ವಿಷಯದಲ್ಲಿ 18 ಡಿಗ್ರಿ ಅನಗತ್ಯ. ಎಸಿ ಮತ್ತು ತಂಪುಗೊಳಿಸುವ ವ್ಯವಸ್ಥೆಗಳ ಮಾನದಂಡ ರೂಪಿಸುವ ಆಶ್ರೇ (ASHRAE) ಸಂಸ್ಥೆಯ ಶಿಫಾರಸು 18ರಿಂದ 27 ಡಿಗ್ರಿ, ಅದೂ ಸರ್ವರ್ ಗಾಳಿ ಎಳೆದುಕೊಳ್ಳುವ ಮುಂಬದಿಯಲ್ಲಿ ಅಳೆದದ್ದು. ಎಸಿ ರಿಮೋಟಿನಲ್ಲಿ ಕಾಣುವ ಅಂಕಿಯನ್ನು ಕುರಿತದ್ದಲ್ಲ. ಒಂದು ಸಾದಾ ಥರ್ಮಾಮೀಟರನ್ನು ರ‍್ಯಾಕಿನ ಮುಂದೆ, ಮೇಲಿನ ಮತ್ತು ಕೆಳಗಿನ ಸರ್ವರ್‌ಗಳ ಮಟ್ಟದಲ್ಲಿ, ಸ್ವಲ್ಪ ಹೊತ್ತು ತೂಗುಹಾಕಿ ನೋಡಿ. ಮೇಲೆ ಬಹಳ ಬಿಸಿಯಿದ್ದರೆ, ನಡುವಿನ ಖಾಲಿ ಜಾಗಗಳ ಮೂಲಕ ಹಿಂಬದಿಯ ಬಿಸಿಗಾಳಿ ಮುಂದಕ್ಕೆ ಸುತ್ತಿ ಬರುತ್ತಿರಬಹುದು. ಆ ಜಾಗಗಳಿಗೆ ಮುಚ್ಚಳದ ಪಟ್ಟಿ ಹಾಕಿದ ಮೇಲೆಯೇ ಎಸಿಯನ್ನು ಒಂದೊಂದೇ ಡಿಗ್ರಿ ಏರಿಸಿ.

ಉತ್ತರ (ಬಾಗಲಕೋಟೆ, ವಿದ್ಯುತ್ ಗುತ್ತಿಗೆದಾರ):
ಬೆಳಗಾವಿಯವರ ಮಾತಿಗೆ ಒಂದು ತಕರಾರಿದೆ. ಯುಪಿಎಸ್ ಬ್ಯಾಟರಿಗಳು ಅದೇ ಕೋಣೆಯಲ್ಲಿದ್ದರೆ 27ರವರೆಗೆ ಹೋಗಬೇಡಿ. ಸೀಲ್ ಮಾಡಿದ ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅದರ ಮೇಲೆ ಸುಮಾರು 10 ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಬಿಲ್ಲಿನಲ್ಲಿ ಉಳಿಸಿದ್ದು ಬ್ಯಾಟರಿ ಅಂಗಡಿಗೆ ಹೋದರೆ ಏನು ಬಂತು?

ಅಳತೆಗೆ ಬಂದರೆ, ತಂತಿಯನ್ನು ಸುತ್ತ ಹಿಡಿದು ಆಂಪಿಯರ್ ತೋರಿಸುವ ಕ್ಲ್ಯಾಂಪ್ ಮೀಟರಿನ ಬಾಯಿಗೆ ಇಡೀ ಕೇಬಲ್ ಸಿಕ್ಕಿಸಬಾರದು. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಟ್ಟಿಗಿದ್ದರೆ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಒಂದೇ ತಂತಿ ಹಿಡಿಯಬೇಕು, ಅದನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ. ಆಂಪಿಯರ್ ಅನ್ನು 230 ವೋಲ್ಟ್‌ನಿಂದ ಗುಣಿಸಿದರೂ ಸಿಗುವುದು ವಿಎ (ವೋಲ್ಟ್-ಆಂಪಿಯರ್), ನಿಜವಾಗಿ ಖರ್ಚಾಗುವ ವ್ಯಾಟ್ ಅಲ್ಲ. ಆದ್ದರಿಂದ ಡಿಬಿಯಲ್ಲಿ (ವಿದ್ಯುತ್ ಹಂಚಿಕೆ ಪೆಟ್ಟಿಗೆಯಲ್ಲಿ) ಎಸಿಗಳಿಗೊಂದು, ಯುಪಿಎಸ್ ಇನ್‌ಪುಟ್‌ಗೊಂದು, ಔಟ್‌ಪುಟ್‌ಗೊಂದು ಎನರ್ಜಿ ಮೀಟರ್ ಕೂರಿಸುವುದು ಉತ್ತಮ. ಮಾಡ್‌ಬಸ್ (ಮೀಟರಿನ ಅಂಕಿಗಳನ್ನು ಬೇರೆ ಸಾಧನಕ್ಕೆ ಕಳಿಸುವ ಸಂಪರ್ಕ ವಿಧಾನ) ಇರುವ ಮೀಟರ್ ಕೊಂಡರೆ ಮುಂದೆ ಕಂಪ್ಯೂಟರಿಗೂ ಜೋಡಿಸಬಹುದು. ಇನ್‌ಪುಟ್‌ಗೂ ಔಟ್‌ಪುಟ್‌ಗೂ ಇರುವ ವ್ಯತ್ಯಾಸವೇ ಯುಪಿಎಸ್ ನಷ್ಟ; 10 ಕೆವಿಎ ಯುಪಿಎಸ್ ಮೇಲೆ ಅತಿ ಕಡಿಮೆ ಲೋಡ್ ಇದ್ದರೆ ಅದರ ದಕ್ಷತೆಯೂ ಕುಸಿಯುತ್ತದೆ.

ಮತ್ತೆ ಬೆಳಗಾವಿಯಿಂದ:
ಬ್ಯಾಟರಿಯ ಮಾತು ಒಪ್ಪಿದೆ. ಹಾಗಿದ್ದರೆ 24ರಲ್ಲೇ ನಿಲ್ಲಿಸಿ. ರಾತ್ರಿ ಎಸಿಯ ಪ್ರಶ್ನೆ ಉಳಿದಿತ್ತು. ಸರ್ವರ್‌ಗಳು ರಾತ್ರಿಯೂ ಹೆಚ್ಚುಕಡಿಮೆ ಅಷ್ಟೇ ಶಾಖ ಬಿಡುವುದರಿಂದ, ಗಡಿಯಾರ ನೋಡಿ ಆರಿಸುವುದಕ್ಕಿಂತ ಲೋಡ್ ನೋಡಿ ನಿರ್ಧರಿಸಬೇಕು. ಒಂದು ಟನ್ ಸುಮಾರು 3.5 ಕಿಲೋವ್ಯಾಟ್ ಶಾಖ ತೆಗೆಯುತ್ತದೆ. ನಿಮ್ಮ ಲೋಡ್ 3 ಕಿಲೋವ್ಯಾಟ್ ಆಸುಪಾಸಿದ್ದರೆ ಲೆಕ್ಕಕ್ಕೆ ಒಂದೇ ಎಸಿ ಸಾಕು. ಎರಡನ್ನೂ ಟೈಮರ್‌ನಿಂದ ಸರದಿಯ ಮೇಲೆ ಓಡಿಸಿ, ಉಷ್ಣತೆ ಮಿತಿ ಮೀರಿದಾಗ ಎರಡನೆಯದು ತಾನಾಗಿ ಶುರುವಾಗುವಂತೆ ಮಾಡಿಸಿ. ಏಪ್ರಿಲ್-ಮೇನಲ್ಲಿ ವಿಜಯಪುರದ ಬಿಸಿಲು 40 ದಾಟಿದಾಗ ಎಸಿಯ ಸಾಮರ್ಥ್ಯವೂ ತಗ್ಗುವುದರಿಂದ, ಈ ಪ್ರಯೋಗವನ್ನು ಚಳಿಗಾಲದಲ್ಲಿ ಆರಂಭಿಸಿ.