ಲಿಸ್ಟೆಡ್ ಕೇಬಲ್ ಕಂಪನಿ ಕೈ ಬದಲಾದರೆ ಸ್ಪರ್ಧಾ ಆಯೋಗದ (ಸಿಸಿಐ) ಅನುಮತಿ ಯಾವಾಗ?

ಕೇಬಲ್_ಹಾಸನ: ಲಿಸ್ಟೆಡ್ ಎಂಎಸ್‌ಒ (ಚಾನೆಲ್‌ಗಳ ಸಿಗ್ನಲ್ ಪಡೆದು ಕೇಬಲ್ ಜಾಲದಲ್ಲಿ ಹಂಚುವ ಕಂಪನಿ) ಒಂದರಲ್ಲಿ ಶೇ 51 ಪಾಲು ಕೊಳ್ಳುವ ಒಪ್ಪಂದಕ್ಕೆ ಸಹಿ ಆದ ಮೇಲೆ ಓಪನ್ ಆಫರ್ (ಉಳಿದ ಷೇರುದಾರರಿಂದಲೂ ಷೇರು ಕೊಳ್ಳುವ ಪ್ರಸ್ತಾಪ) ಮೊದಲೋ, ಸ್ಪರ್ಧಾ ಆಯೋಗದ ಅನುಮತಿ ಮೊದಲೋ?

ಷೇರುಲೆಕ್ಕ: ಎರಡೂ ಜೊತೆಜೊತೆಗೇ ನಡೆಯುತ್ತವೆ. ಶೇ 25 ದಾಟುವ ಒಪ್ಪಂದವಾದ ದಿನವೇ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಓಪನ್ ಆಫರ್ ಪ್ರಕಟಣೆ ಹೊರಡಬೇಕು, ಆಫರ್ ಕನಿಷ್ಠ ಶೇ 26ಕ್ಕೆ. ಆ ಕಂಪನಿ ಪಾಲು ಹೊಂದಿರುವ ಇತರ ಲಿಸ್ಟೆಡ್ ಕಂಪನಿಗಳನ್ನು ಮರೆಯಬೇಡಿ! 2018ರಲ್ಲಿ ರಿಲಯನ್ಸ್ ಕೇಬಲ್ ಕಂಪನಿ ಹ್ಯಾಥ್‌ವೇಯನ್ನು ಕೊಂಡಾಗ, ಅದು ದೊಡ್ಡ ಪಾಲು ಹೊಂದಿದ್ದ ಜಿಟಿಪಿಎಲ್ ಹ್ಯಾಥ್‌ವೇಗೂ ಆಫರ್ ಕೊಡಬೇಕಾಯಿತು. ಅದು ಪರೋಕ್ಷ ಸ್ವಾಧೀನ.

ಸ್ಪರ್ಧಾಕಾನೂನು: ಮೊದಲು ಮಿತಿ ನೋಡಿ. ಕೊಳ್ಳಲಾಗುವ ಕಂಪನಿಯ ಭಾರತದ ಆಸ್ತಿ 450 ಕೋಟಿ ಅಥವಾ ವಹಿವಾಟು 1,250 ಕೋಟಿ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಸಿಸಿಐಗೆ ಅರ್ಜಿ ಬೇಡ. ವ್ಯವಹಾರದ ಮೊತ್ತವೇ 2,000 ಕೋಟಿ ದಾಟಿ, ಕಂಪನಿಗೆ ಇಲ್ಲಿ ಗಣನೀಯ ಕಾರ್ಯಾಚರಣೆ ಇದ್ದರೆ ಈ ವಿನಾಯಿತಿ ಸಿಗದು. ಫಾರಂ 1ರ (ಚಿಕ್ಕ ಅರ್ಜಿ) ಶುಲ್ಕ 30 ಲಕ್ಷ, ಫಾರಂ 2ರದ್ದು (ವಿಸ್ತೃತ ಅರ್ಜಿ) 90 ಲಕ್ಷ. ಪ್ರಾಥಮಿಕ ಅಭಿಪ್ರಾಯಕ್ಕೆ 30 ದಿನ, ಒಟ್ಟು ಗಡುವು 150 ದಿನ. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಬ್ರಾಡ್‌ಬ್ಯಾಂಡ್‌ನಲ್ಲಿ: ಕೊಳ್ಳುವವರದೂ ಅದೇ ಊರುಗಳಲ್ಲಿ ಇಂಟರ್ನೆಟ್ ಸೇವೆ ಇದ್ದರೆ ಆ ಅತಿವ್ಯಾಪ್ತಿಯನ್ನು ಪ್ರದೇಶವಾರು ಅಂಕಿಗಳೊಂದಿಗೆ ಆರಂಭದಲ್ಲೇ ಬರೆಯಿರಿ, ಹಸಿರು ಮಾರ್ಗವನ್ನಂತೂ (ಅತಿವ್ಯಾಪ್ತಿ ಇಲ್ಲದ ವ್ಯವಹಾರಕ್ಕೆ ಅರ್ಜಿ ಹಾಕಿದೊಡನೆ ಸಿಗುವ ಅನುಮತಿ) ನೆಚ್ಚಬೇಡಿ. ಅನುಮತಿಗೆ ಮುನ್ನ ಪ್ಯಾಕೇಜ್ ದರವನ್ನೋ ಸಿಗ್ನಲ್ ಒಪ್ಪಂದವನ್ನೋ ಕೊಳ್ಳುವವರು ನಿರ್ಧರಿಸತೊಡಗಿದರೆ ಸ್ಪರ್ಧಾ ಕಾಯ್ದೆಯ ಸೆಕ್ಷನ್ 43ಎ ದಂಡ ಬೀಳಬಹುದು.